ಮಲಯಾಳಂ, ರಷ್ಯನ್ ಕಲಿಯಲು ಕನ್ನಡದ ದಾರಿ ಹಿಡಿಯಿರಿ

ನಮಸ್ಕಾರ. ಇವತ್ತು ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಮಲಯಾಳಂ, ನಮ್ಮ ದ್ರಾವಿಡ ಬಳಗದ್ದೇ. ಇನ್ನೊಂದು ರಷ್ಯನ್, ಸ್ಲಾವಿಕ್ ಬಳಗದ್ದು. ಮೊದಲನೆಯದು ನಮಗೆ ನೀರು ಕುಡಿದಷ್ಟು ಸುಲಭ, ಎರಡನೆಯದು ಕಬ್ಬಿಣದ ಕಡಲೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ರಷ್ಯನ್ ಕಷ್ಟ ಅನಿಸುವುದಕ್ಕೆ ಅರ್ಧ ಕಾರಣ, ನಾವು ಅದನ್ನು ಇಂಗ್ಲಿಷ್ ಮೂಲಕ ಕಲಿಯುವುದು. ಮಲಯಾಳಂ ಕಲಿಯುವಾಗಲೂ ಇದೇ ಎಡವಟ್ಟು ಆಗುತ್ತದೆ.

ಒಂದು ವಾಕ್ಯ ನೋಡಿ. ‘ಮ್ನೇ ಹೋಲದ್ನ.’ ರಷ್ಯಾದವರು ಚಳಿಯಾದಾಗ ಹೀಗೆ ಹೇಳುತ್ತಾರೆ. ಇಂಗ್ಲಿಷ್ ಬಲ್ಲವರಿಗೆ ಇದನ್ನು ಕಲಿಸಲು ದೊಡ್ಡ ವಿವರಣೆಯೇ ಬೇಕು. ಇಲ್ಲಿ ‘ನಾನು’ ಬರುವುದಿಲ್ಲ, ಚತುರ್ಥಿ ವಿಭಕ್ತಿ ಬರುತ್ತದೆ, ಕ್ರಿಯಾಪದವೇ ಇಲ್ಲ ಅಂತೆಲ್ಲ. ನಮಗೆ ಅದೆಲ್ಲ ಯಾಕೆ? ‘ನನಗೆ ಚಳಿ.’ ಮುಗಿಯಿತಲ್ಲ! ಮಲಯಾಳಂನಲ್ಲಿ ‘ಎನಿಕ್ಕ್ ತಣುಕ್ಕುನ್ನು’, ಅಲ್ಲೂ ಶುರುವಾಗುವುದು ‘ನನಗೆ’ಯಿಂದಲೇ. ನನಗೆ ಇಪ್ಪತ್ತು ವರ್ಷ, ನನಗೆ ಇಷ್ಟ, ನನಗೆ ಬೇಕು. ಮೂರೂ ಭಾಷೆಗಳಲ್ಲಿ ಇವುಗಳ ಕಟ್ಟು ಒಂದೇ. ಪುಸ್ತಕ ಇದೆ ಅನ್ನಲು ರಷ್ಯಾದವರು ‘ಉ ಮಿನ್ಯಾ ಯೆಸ್ತ್ ಕ್ನೀಗ’ ಅನ್ನುತ್ತಾರೆ. ಅಂದರೆ ನನ್ನ ಹತ್ತಿರ ಇದೆ ಪುಸ್ತಕ.

ಇನ್ನೂ ಸೋಜಿಗದ್ದು ಇದೆ. ‘ನಾನು ಡಾಕ್ಟರ್’ ಅನ್ನಲು ನಮಗೆ ಎರಡೇ ಪದ ಸಾಕು. ರಷ್ಯನ್ನಿನಲ್ಲೂ ಎರಡೇ, ‘ಯಾ ವ್ರಾಚ್’. ಆದರೆ ಮಲಯಾಳಂನಲ್ಲಿ ‘ಞಾನ್ ಡಾಕ್ಟರ್ ಆಣ್’ ಅನ್ನಬೇಕು. ಕೊನೆಗೆ ಆ ‘ಆಣ್’ ಸೇರಲೇಬೇಕು. ‘ನೀನು’, ‘ನೀವು’ ವಿಷಯದಲ್ಲೂ ರಷ್ಯನ್ನಿನ ‘ತಿ’, ‘ವಿ’ ಹೆಚ್ಚುಕಮ್ಮಿ ನಮ್ಮ ಹಾಗೆಯೇ ನಡೆಯುತ್ತವೆ. ಕೇರಳದಲ್ಲಿ ಮಾತ್ರ ಹಿರಿಯರಿಗೆ ‘ನಿಙ್ಙಳ್’ (ನೀವು) ಅಂದರೆ ಒರಟಾಗಿ ಕೇಳಿಸಬಹುದು. ಚೇಟ್ಟನ್ (ಅಣ್ಣ), ಚೇಚ್ಚಿ (ಅಕ್ಕ), ಸಾರ್ ಅಂತ ಕರೆದು ಮಾತಾಡಿಸುವುದೇ ಅಲ್ಲಿಯ ರೂಢಿ.

ಈಗ ಸದ್ದಿನ ವಿಷಯ. ಇಂಗ್ಲಿಷ್ ದಾರಿ ನಮಗೆ ಎಷ್ಟು ತೊಂದರೆ ಕೊಡುತ್ತದೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಕೋಝಿಕ್ಕೋಡ್ ಅನ್ನುವ ಊರಿನ ಹೆಸರನ್ನೂ ಬ್ರೆಝ್ನೆವ್ ಅನ್ನುವ ಸೋವಿಯತ್ ನಾಯಕನ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಝಡ್, ಎಚ್ ಹಾಕುತ್ತಾರೆ. ಎರಡೂ ಒಂದೇ ಸದ್ದು ಅಂದುಕೊಂಡರೆ ಕೆಟ್ಟಿತು. ರಷ್ಯನ್ ಸದ್ದು ಬೇಕಾದರೆ ನಮ್ಮ ‘ಷ’ ಅನ್ನುತ್ತಾ ಗಂಟಲನ್ನು ನಡುಗಿಸಿ. ಮಲಯಾಳಂ ಸದ್ದು ಬೇಕಾದರೆ ‘ಳ’ ಅನ್ನಲು ನಾಲಿಗೆ ಮಡಚಿ, ಮೇಲೆ ತಾಗಿಸದೆ ಹಾಗೇ ಬಿಡಿ. ಇದು ನಮಗೆ ಹೊಸದೂ ಅಲ್ಲ. ಹಳಗನ್ನಡದಲ್ಲಿ ‘ೞ’ ಅನ್ನುವ ಅಕ್ಷರ ಇತ್ತು. ಮೞೆ, ಕೋೞಿ, ಏೞು. ಮುಂದೆ ನಮ್ಮಲ್ಲಿ ಅದು ‘ಳ’ದ ಜೊತೆ ಬೆರೆತುಹೋಯಿತು. ಮಲಯಾಳಿಗಳು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಮಲಯಾಳಂ ಪದಗಳಿಗೂ ಇಂಥ ಕೀಲಿ ಇದೆ. ನಮ್ಮ ‘ಹ’ ಅಲ್ಲಿ ಬಹಳ ಸಲ ‘ಪ’. ಹಾಲು ಪಾಲ್, ಹತ್ತು ಪತ್ತ್, ಹೂವು ಪೂವ್. ನಮ್ಮ ‘ಬ’ ಅಲ್ಲಿ ‘ವ’. ಬಾ ಅನ್ನುವುದು ವಾ, ಬಾಯಿ ಅನ್ನುವುದು ವಾಯ್. ಹುಲಿಯ ವಿಷಯದಲ್ಲಿ ಮಾತ್ರ ಹುಷಾರು. ಅವರ ‘ಪುಲಿ’ ಸಾಮಾನ್ಯವಾಗಿ ಚಿರತೆ. ನಮ್ಮ ಹುಲಿಗೆ ಅವರು ‘ಕಡುವ’ ಅನ್ನುತ್ತಾರೆ.

ಕ್ರಿಯಾಪದದಲ್ಲಿ ಮಲಯಾಳಂ ನಿಜಕ್ಕೂ ಹಗುರ. ನಾವು ಹೇಳಿದೆ, ಹೇಳಿದ, ಹೇಳಿದಳು, ಹೇಳಿದರು ಅಂತ ಬದಲಾಯಿಸುತ್ತೇವೆ. ಅವರು ಯಾರು ಹೇಳಿದರೂ ‘ಪರಞ್ಞು’. ರಷ್ಯನ್ನಿನಲ್ಲಿ ಗಂಡಸು ಹೇಳಿದರೆ ‘ಸ್ಕಜಾಲ್’, ಹೆಂಗಸು ಹೇಳಿದರೆ ‘ಸ್ಕಜಾಲ’, ತುಂಬಾ ಜನ ಹೇಳಿದರೆ ‘ಸ್ಕಜಾಲಿ’. ‘ನಾನು ಹೇಳಿದೆ’ ಅನ್ನುವಾಗಲೂ ಗಂಡು, ಹೆಣ್ಣು ಬೇರೆ ಬೇರೆ. ಅದು ನಮ್ಮಲ್ಲಿ ಇಲ್ಲ. ‘ಚಿತಾಲ್’, ‘ಪ್ರಚಿತಾಲ್’ ಎಂಬ ಜೋಡಿಯನ್ನು ನೋಡಿ ತುಂಬಾ ಜನ ಹೆದರುತ್ತಾರೆ. ಓದುತ್ತಿದ್ದ, ಓದಿ ಮುಗಿಸಿದ ಎಂದು ಹಿಡಿದುಕೊಂಡರೆ ಶುರುವಿಗೆ ಧಾರಾಳವಾಗಿ ಸಾಕು.

ಹಾಗಂತ ರಷ್ಯನ್ ಸುಲಭ ಎಂದು ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಜೀವವಿಲ್ಲದ ವಸ್ತುಗಳಿಗೂ ಅಲ್ಲಿ ಲಿಂಗ ಇದೆ. ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ವಿಭಕ್ತಿಗಳು ಆರೇ ಆದರೂ ನಮ್ಮ ‘ಗಳು’, ‘ಇಂದ’ದ ಹಾಗೆ ಬಿಡಿಸಿ ತೋರಿಸಲು ಬರುವುದಿಲ್ಲ, ಎಲ್ಲ ಒಂದೇ ಪ್ರತ್ಯಯದಲ್ಲಿ ಕರಗಿರುತ್ತವೆ. ಎಣಿಸುವುದಂತೂ ಬೇರೆಯೇ ಪಾಠ. ಎರಡು ಮೇಜು ‘ದ್ವಾ ಸ್ತಲಾ’, ಐದು ಮೇಜು ‘ಪ್ಯಾತ್ ಸ್ತಲೋಫ್’, 21ಕ್ಕೆ ಬಂದರೆ ಮತ್ತೆ ಏಕವಚನದ ‘ಸ್ತೋಲ್’. ಇಲ್ಲಿ ಕನ್ನಡ ಕೈಹಿಡಿಯುವುದಿಲ್ಲ. ಕೂತು ಬಾಯಿಪಾಠ ಮಾಡಬೇಕು.

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ರಷ್ಯನ್‌ಗೂ ತಮಿಳು, ತೆಲುಗಿಗೂ ಒಂದೇ ಲೆಕ್ಕ ಕೊಡುತ್ತದೆ, ಸುಮಾರು 1,100 ಗಂಟೆ. ಅದು ಇಂಗ್ಲಿಷ್ ತಾಯ್ನುಡಿಯವರ ಲೆಕ್ಕ. ನಾವೂ ಅದನ್ನೇ ನಂಬಿ ಹೆದರುತ್ತೇವೆ, ಅಲ್ವಾ? ನಮ್ಮ ಲೆಕ್ಕವನ್ನು ನಾವೇ ಹಾಕಬೇಕು. ಮೆಡಿಕಲ್ ಓದಲು ರಷ್ಯಾಗೆ ಹೋಗಿಬಂದ ಕನ್ನಡಿಗರಿದ್ದಾರೆ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳಂ ಎರಡನ್ನೂ ಮನೆಯಲ್ಲೇ ಆಡುವವರಿದ್ದಾರೆ. ದಯವಿಟ್ಟು ನಿಮಗೆ ಗೊತ್ತಿರುವುದನ್ನು ಕನ್ನಡದಲ್ಲಿ ಬರೆಯಿರಿ, ವಿಡಿಯೋ ಮಾಡಿ. ಹತ್ತು ಪುಟದ ಕೈಪಿಡಿ ಆದರೂ ಸರಿ.

ಕಲಿಯಲು ಹೊರಟವರಿಗೆ ಈ ವಾರದ ಕೆಲಸ ಇಷ್ಟೇ. ‘ನನಗೆ’ಯಿಂದ ಶುರುವಾಗುವ ಹತ್ತು ಕನ್ನಡ ವಾಕ್ಯ ಬರೆಯಿರಿ. ಪಕ್ಕದಲ್ಲಿ ನೀವು ಆರಿಸಿಕೊಂಡ ಭಾಷೆಯಲ್ಲಿ ಅದನ್ನೇ ಬರೆಯಿರಿ. ನಡುವೆ ಇಂಗ್ಲಿಷಿನ ಸಾಲು ಬೇಡ.