ತೂಕ, ಎತ್ತರ ಮತ್ತು ಜೀವವಿಮೆಯ ಕಂತು

ಕೇಳುಗರೆಲ್ಲರಿಗೂ ನಮಸ್ಕಾರ.

ಜೀವವಿಮೆಯ ಪ್ರಪೋಸಲ್ ಫಾರಂನಲ್ಲಿ ಎತ್ತರ ಮತ್ತು ತೂಕವನ್ನು ಬರೆಯಲು ಎರಡು ಪುಟ್ಟ ಖಾನೆಗಳಿರುತ್ತವೆ. ನಮ್ಮ ಕಡೆ ಫಾರಂ ತುಂಬುವ ಕೆಲಸವನ್ನು ಹೆಚ್ಚಾಗಿ ಏಜೆಂಟರಿಗೇ ಬಿಟ್ಟುಬಿಡುತ್ತೇವೆ. "ತೂಕ ಎಪ್ಪತ್ತು ಅಂತ ಬರೆಯಲೇ ಸರ್?" ಎಂದು ಅವರು ಕೇಳುತ್ತಾರೆ, "ಬರೀರಿ" ಎಂದು ನಾವು ಸಹಿ ಹಾಕುತ್ತೇವೆ. ವಿಮೆ ಸಿಗುತ್ತದೆಯೋ ಇಲ್ಲವೋ, ಕಂತು ಎಷ್ಟಾಗುತ್ತದೆ, ಮುಂದೊಂದು ದಿನ ನಾಮಿನಿಗೆ ಹಣ ತಕರಾರಿಲ್ಲದೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೂ ಆ ಅಂಕಿಗೂ ನೇರ ಸಂಬಂಧವಿದೆ. ಆದ್ದರಿಂದ ಇಂದು ಆ ಎರಡು ಖಾನೆಗಳ ಬಗ್ಗೆಯೇ ಮಾತನಾಡುತ್ತೇನೆ.

ದೇಹದ ತೂಕಕ್ಕೂ ಆಯುಷ್ಯಕ್ಕೂ ಇರುವ ನಂಟನ್ನು ವಿಮಾ ಕಂಪನಿಗಳು ಬಹಳ ಹಿಂದಿನಿಂದಲೂ ಲೆಕ್ಕವಿಟ್ಟು ನೋಡುತ್ತ ಬಂದಿವೆ. 1940ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಕಂಪನಿಯು ತನ್ನ ಪಾಲಿಸಿದಾರರ ಸಾವಿನ ದಾಖಲೆಗಳನ್ನು ಆಧರಿಸಿ ಪ್ರಕಟಿಸಿದ ಎತ್ತರ–ತೂಕದ ಕೋಷ್ಟಕಗಳನ್ನು ವೈದ್ಯರೂ ದೀರ್ಘಕಾಲ ಬಳಸಿದರು. ಈಗ ಮೊದಲು ನೋಡುವುದು ಬಿಎಂಐಯನ್ನು, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಸೂಚ್ಯಂಕವನ್ನು. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ. 165 ಸೆಂಟಿಮೀಟರ್ ಎತ್ತರದ, 82 ಕಿಲೋ ತೂಕದ ಒಬ್ಬರನ್ನು ತೆಗೆದುಕೊಳ್ಳಿ: ಅವರ ಬಿಎಂಐ 30ಕ್ಕೆ ಸ್ವಲ್ಪ ಮೇಲೆ. ಏಜೆಂಟರು 82ರ ಬದಲು 72 ಎಂದು ಬರೆದರೆ ಅದು ಸುಮಾರು 26ಕ್ಕೆ ಇಳಿಯುತ್ತದೆ. ಒಂದೇ ಅಂಕಿ ಬದಲಾದರೂ ಕಂಪನಿಯ ಎದುರು ಬೇರೆಯೇ ಒಬ್ಬ ವ್ಯಕ್ತಿ ನಿಂತಂತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 25ರಿಂದ ಅಧಿಕ ತೂಕ, 30ರಿಂದ ಬೊಜ್ಜು. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಹೆಚ್ಚು ಶೇಖರವಾಗುವುದರಿಂದ ಮತ್ತು ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ, ನಮ್ಮ ವೈದ್ಯರು 23 ಮತ್ತು 25 ಎಂಬ ಇನ್ನೂ ಬಿಗಿಯಾದ ಗಡಿಗಳನ್ನು ಸೂಚಿಸಿದ್ದಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು ಎನ್ನುವುದೂ ಇದೇ ಕಾರಣಕ್ಕೆ. ಆದರೆ ವಿಮಾ ಕಂಪನಿಗಳು ಈ ಗಡಿಗಳನ್ನು ಹಾಗೆಯೇ ಅನುಸರಿಸುವುದಿಲ್ಲ. ಪ್ರತಿಯೊಂದು ಕಂಪನಿಗೂ ತನ್ನದೇ ಕೋಷ್ಟಕವಿರುವುದರಿಂದ, ಒಂದು ಕಡೆ ಹೆಚ್ಚುವರಿ ಕಂತು ಕೇಳಿಸಿಕೊಂಡವರಿಗೆ ಇನ್ನೊಂದು ಕಡೆ ಮಾಮೂಲಿ ದರದಲ್ಲೇ ಪಾಲಿಸಿ ಸಿಗುವ ಸಾಧ್ಯತೆ ಇರುತ್ತದೆ.

ತೂಕವೊಂದನ್ನೇ ನೋಡಿ ತೀರ್ಮಾನಿಸುವುದೂ ಅಪರೂಪ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ತಂಬಾಕಿನ ಅಭ್ಯಾಸ, ತಂದೆತಾಯಿಯ ಹೃದ್ರೋಗ, ಇವೆಲ್ಲವನ್ನೂ ಕೂಡಿಸಿ ನೋಡುತ್ತಾರೆ. ತೂಕ ಜಾಸ್ತಿಯಿದ್ದರೂ ಉಳಿದ ವರದಿಗಳು ಚೆನ್ನಾಗಿದ್ದರೆ ಅರ್ಜಿ ಸಲೀಸಾಗಿ ಅಂಗೀಕಾರವಾಗಬಹುದು. ಅದೇ ತೂಕದ ಜೊತೆ ಸಕ್ಕರೆ ಕಾಯಿಲೆಯೂ ಇದ್ದರೆ ಕಂತು ಏರುತ್ತದೆ, ಕೆಲವೊಮ್ಮೆ ಅರ್ಜಿಯನ್ನು ಮುಂದೂಡುತ್ತಾರೆ ಅಥವಾ ತಿರಸ್ಕರಿಸುತ್ತಾರೆ. ತೀರ ಸಣಕಲು ದೇಹವೂ ಪ್ರಶ್ನೆಗೆ ಒಳಗಾಗುತ್ತದೆ. ಕಾರಣವಿಲ್ಲದೆ ತೂಕ ಇಳಿದಿದ್ದರೆ ಕ್ಷಯದಂಥ ಕಾಯಿಲೆಯ ಅನುಮಾನ ಬರುವುದು ಸಹಜ.

ಹೆಚ್ಚುವರಿ ಕಂತು ಎಲ್ಲ ಪಾಲಿಸಿಗಳ ಮೇಲೂ ಒಂದೇ ತೆರನಾಗಿ ಬೀಳುವುದಿಲ್ಲ. ಅದನ್ನು ಸೇರಿಸುವುದು ಸಾವಿನ ಅಪಾಯಕ್ಕೆಂದು ತೆಗೆದಿಡುವ ಭಾಗದ ಮೇಲೆ. ಎಂಡೋಮೆಂಟ್ ಪಾಲಿಸಿಯಲ್ಲಿ ಕಂತಿನ ಬಹುಪಾಲು ಉಳಿತಾಯಕ್ಕೆ ಹೋಗುವುದರಿಂದ ಅದು ಅಷ್ಟಾಗಿ ಕಾಣಿಸದು. ಉಳಿತಾಯವಿಲ್ಲದೆ ಸಾವಿನ ಅಪಾಯಕ್ಕಷ್ಟೇ ರಕ್ಷಣೆ ಕೊಡುವ ಟರ್ಮ್ ಪಾಲಿಸಿಯಲ್ಲಿ ಚೆನ್ನಾಗಿಯೇ ಕಾಣಿಸುತ್ತದೆ. ವರ್ಷಕ್ಕೆ 12,000 ರೂಪಾಯಿಯ ಟರ್ಮ್ ಕಂತು ಶೇಕಡಾ 25ರಷ್ಟು ಏರಿತೆಂದು ಇಟ್ಟುಕೊಂಡರೆ 15,000 ಆಗುತ್ತದೆ, ಮೂವತ್ತು ವರ್ಷಕ್ಕೆ 90,000 ರೂಪಾಯಿಯ ಹೊರೆ. ಮಧ್ಯಮ ವರ್ಗದ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ತೂಕ ಇಳಿಸಿದ ಮೇಲೆ ಪಾಲಿಸಿ ಮಾಡಿಸೋಣವೆಂದು ವರ್ಷಗಟ್ಟಲೆ ಕಾಯುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ, ಏಕೆಂದರೆ ಆ ಅವಧಿಯಲ್ಲಿ ವಯಸ್ಸು ಏರುತ್ತದೆ ಮತ್ತು ಮನೆಯವರಿಗೆ ಯಾವ ಆಸರೆಯೂ ಇರುವುದಿಲ್ಲ. ಈಗಲೇ ಪಾಲಿಸಿ ಪಡೆದು, ತೂಕ ಇಳಿದು ಸ್ಥಿರವಾದ ಮೇಲೆ ದರದ ಮರುಪರಿಶೀಲನೆಗೆ ಅವಕಾಶವಿದೆಯೇ ಎಂದು ಕೇಳುವುದು ಮೇಲು. ಬೇರೆ ಪಾಲಿಸಿಗೆ ಬದಲಾಯಿಸುವುದಾದರೆ, ಹೊಸದು ಕೈಗೆ ಬರುವ ಮುನ್ನ ಹಳೆಯದನ್ನು ಬಿಡಬೇಡಿ.

ಈಗ ಸುಳ್ಳು ತೂಕದ ಮಾತು. 1938ರ ವಿಮಾ ಕಾಯ್ದೆಯ 45ನೆಯ ಕಲಮಿಗೆ 2015ರಲ್ಲಿ ಆದ ತಿದ್ದುಪಡಿಯಂತೆ, ಮೂರು ವರ್ಷ ತುಂಬಿದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಅದರೊಳಗೆ ಮಾತ್ರ, ವಂಚನೆ ಅಥವಾ ಮುಖ್ಯ ಸಂಗತಿಯನ್ನು ಮುಚ್ಚಿಟ್ಟ ಆರೋಪದ ಮೇಲೆ ಪ್ರಶ್ನಿಸಬಹುದು. ಅನೇಕರ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ: ಕಂತು ಕಟ್ಟದೆ ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದರೆ ಆ ಮೂರು ವರ್ಷಗಳ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಆಸ್ಪತ್ರೆಯ ಹಳೆಯ ಚೀಟಿಯೊಂದರಲ್ಲಿ 84 ಕಿಲೋ ಎಂದಿದ್ದು ಫಾರಂನಲ್ಲಿ 70 ಎಂದಿದ್ದರೆ, ಉತ್ತರ ಹೇಳಬೇಕಾದವರು ದುಃಖದಲ್ಲಿರುವ ಹೆಂಡತಿ ಮಕ್ಕಳು. ಫಾರಂ ತುಂಬಿದ್ದು ಏಜೆಂಟರೇ ಆದರೂ ಕೆಳಗಿರುವುದು ನಮ್ಮ ಸಹಿ.

ತೂಕದ ಪ್ರಶ್ನೆಯೇ ಬಾರದ ದಾರಿಗಳೂ ಇವೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯಲ್ಲಿ, ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆಯಿರುವ 18ರಿಂದ 50 ವರ್ಷದವರು ವರ್ಷಕ್ಕೆ 436 ರೂಪಾಯಿ ಕಟ್ಟಿ ಎರಡು ಲಕ್ಷ ರೂಪಾಯಿಯ ರಕ್ಷಣೆಯನ್ನು ವೈದ್ಯಕೀಯ ತಪಾಸಣೆಯಿಲ್ಲದೆ ಪಡೆಯಬಹುದು. ನೌಕರಿಯ ಕಡೆಯಿಂದ ಬರುವ ಗುಂಪು ವಿಮೆಯಲ್ಲೂ ಒಂದು ಮಿತಿಯವರೆಗೆ ತಪಾಸಣೆ ಇರುವುದಿಲ್ಲ. ಮೊತ್ತ ಚಿಕ್ಕದಾದರೂ, ಅರ್ಜಿ ತಿರಸ್ಕೃತವಾದವರು ಇವನ್ನು ಬಿಟ್ಟುಕೊಡಬಾರದು.

ಫಾರಂ ತುಂಬುವ ದಿನ ಔಷಧ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ತೂಕ ನೋಡಿಸಿ, ಚಪ್ಪಲಿ ಬಿಚ್ಚಿ ನಿಂತು ಎತ್ತರ ಅಳೆಯಿಸಿ, ಆ ಅಂಕಿಗಳನ್ನೇ ಬರೆಸಿ. ಪಾಲಿಸಿ ಕೈಗೆ ಬಂದ ಮೇಲೆ ಪರಿಶೀಲನೆಗೆ 30 ದಿನಗಳ ಅವಕಾಶವಿರುತ್ತದೆ. ಜೊತೆಗೆ ಬರುವ ನಿಮ್ಮ ಫಾರಂನ ಪ್ರತಿಯನ್ನು ತೆರೆದು ಎತ್ತರ, ತೂಕದ ಖಾನೆಗಳನ್ನು ನೋಡಿ. ತಪ್ಪಿದ್ದರೆ ಕೂಡಲೇ ಕಂಪನಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪತ್ರವನ್ನು ಪಾಲಿಸಿಯ ಜೊತೆಗೇ ಇಡಿ. ನಮಸ್ಕಾರ.