ಶನಿವಾರದ ಬಟವಾಡೆ

ನಮಸ್ಕಾರ. ನೀವು ನೋಡುತ್ತಿರುವುದು ನಮ್ಮ ಮನೆ ಮುಂದಿನ ಕಣ. ಇದು ಭಾನುವಾರ ಬೆಳಗ್ಗೆ ಆರೂವರೆಗೆ ತೆಗೆದ ಶಾಟ್. ಈ ಮೂಲೆ ನೋಡಿ, ಬಣ್ಣವೇ ಬೇರೆ ಇದೆ, ಅಲ್ವಾ? ಅದು ಹಿಂದಿನ ಸಂಜೆ ನೆನೆದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಲು ಹಾಕಿದ ಕಾಫಿ ಬೀಜ. ಜನವರಿ ತಿಂಗಳಲ್ಲಿ ಮಳೆ ಬಂದರೆ ಕಾಫಿಯವರ ಹೊಟ್ಟೆ ಉರಿಯುತ್ತದೆ. ಗಿಡದಲ್ಲಿರುವ ಹಣ್ಣು ನೆಲಕ್ಕೆ ಬೀಳುತ್ತದೆ, ಕಣದಲ್ಲಿರುವುದಕ್ಕೆ ವಾಸನೆ ಹಿಡಿಯುತ್ತದೆ. ವಾಸನೆ ಬಂದರೆ ಖರೀದಿಯವರು ಮೊದಲು ಮೂಗು ಹಿಡಿಯುತ್ತಾರೆ, ಆಮೇಲೆ ರೇಟು ಹಿಡಿಯುತ್ತಾರೆ.

ಟಾರ್ಪಾಲ್ ತೂತಾಗಿತ್ತು. ಅಂಗಡಿಯವರು ಐದು ವರ್ಷ ಬಾಳುತ್ತದೆ ಅಂದಿದ್ದರು, 3,200 ರೂಪಾಯಿ ತೆಗೆದುಕೊಂಡಿದ್ದರು. ಶನಿವಾರ ರಾತ್ರಿ ಅವರ ಮೇಲೆ ತುಂಬಾ ಸಿಟ್ಟು ಬಂತು. ಈಗ ಅಷ್ಟು ಸಿಟ್ಟಿಲ್ಲ. ಮೂರು ವರ್ಷ ಬೇಸಿಗೆಯಲ್ಲೂ ಅದನ್ನು ಮಡಚದೆ ಬಿಸಿಲಲ್ಲೇ ಬಿಟ್ಟಿದ್ದು ನಾನು.

ಆದರೆ ನಾನು ಇವತ್ತು ಹೇಳಬೇಕು ಅಂದುಕೊಂಡಿದ್ದು ಟಾರ್ಪಾಲ್ ಕಥೆ ಅಲ್ಲ.

ನಮ್ಮದು ಆಲ್ದೂರು ಕಡೆ ಮೂರು ಎಕರೆ. ಕೊಯ್ಲಿಗೆ ಆರು ಜನ ಹೆಂಗಸರು ಬರುತ್ತಾರೆ. ಮೇಸ್ತ್ರಿ ಜೀಪಿನಲ್ಲಿ ಕರೆದುಕೊಂಡು ಬರುತ್ತಾರೆ. ದಿನಕ್ಕೆ 500 ರೂಪಾಯಿ, ಬಟವಾಡೆ ಶನಿವಾರ. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಒಂದು ವಾರದ ಕೂಲಿಯನ್ನು ನಾವೇ ಹಿಡಿದುಕೊಂಡಿರುತ್ತೇವೆ. ಪೂರ್ತಿ ಕೊಟ್ಟುಬಿಟ್ಟರೆ ಸೋಮವಾರ ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ ಅನ್ನುವ ಭಯ. ಎಲ್ಲರೂ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಅದರ ಬಗ್ಗೆ ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಏಳನೆಯವಳಾಗಿ ಒಬ್ಬ ಹುಡುಗಿ ಬಂದಳು. ಸೊಂಟದ ಮೇಲೆ ಮಗು. ಬೆಳಗ್ಗೆ ಜೀಪಿಗೆ ಕಾದಿದ್ದಳಂತೆ. ಮಗು ಇದೆ, ಜಾಗ ಇಲ್ಲ ಅಂತ ಮೇಸ್ತ್ರಿ ಬಿಟ್ಟು ಬಂದಿದ್ದರು. ಎರಡು ತೋಟದಲ್ಲಿ ಕೇಳಿ, ಅಲ್ಲೂ ಬೇಡ ಅಂದ ಮೇಲೆ ನಡೆದುಕೊಂಡು ನಮ್ಮಲ್ಲಿಗೆ ಬಂದಳು. ಇನ್ನು ಒಂದೂವರೆ ಗಂಟೆ ಕೆಲಸ ಇತ್ತು, ಅಷ್ಟೇ. ಆಯ್ತು, ಕುಯ್ಯಿ ಅಂದೆ.

ನಾಲ್ಕು ಗಂಟೆಗೆ ಮೋಡ ಕಟ್ಟಿತು. ಗಿರಿ ಕಡೆಯಿಂದ ಕಪ್ಪಗೆ ಬಂತು. ಎಲ್ಲರೂ ಬುಟ್ಟಿ ಬಿಟ್ಟು ಕಣಕ್ಕೆ ಓಡಿದೆವು. ಆ ಹುಡುಗಿ ಮಗುವನ್ನು ಜಗಲಿ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಕಾಫಿ ಬಾಚಿ ರಾಶಿ ಮಾಡಿದ ವೇಗ ನೋಡಬೇಕಿತ್ತು. ಹತ್ತು ನಿಮಿಷದ ಮಳೆ. ಹಾಳಾಗಿದ್ದು ಆ ಒಂದು ಮೂಲೆ ಮಾತ್ರ.

ನನ್ನ ಮನಸ್ಸು ತುಂಬಿ ಬಂದಿತ್ತು. ಅವಳ ಕೈಗೆ ಪೂರ್ತಿ 500 ರೂಪಾಯಿ ನೋಟು ಕೊಟ್ಟೆ. ಕೊಡುವಾಗ ನನಗೆ ಬೈಬಲ್‌ನಲ್ಲಿರುವ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ನೆನಪಿಗೆ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ದ್ರಾಕ್ಷಿ ತೋಟದ ಯಜಮಾನನ ಉಪಮೆ. ಬೆಳಗಿನ ಜಾವ ಆಳು ಕರೆಯುತ್ತಾನೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ, ಒಂದು ದೆನಾರಿ. ಅದು ರೋಮನ್ನರ ಬೆಳ್ಳಿ ನಾಣ್ಯ, ಒಬ್ಬ ಆಳಿನ ಒಂದು ದಿನದ ದುಡಿಮೆ. ನಾನೂ ಆ ಯಜಮಾನನ ಹಾಗೆ ಕೊಟ್ಟೆ ಅಂತ ಖುಷಿಪಟ್ಟೆ.

ಆಗ ಅಕ್ಕ ಮಾತಾಡಿದರು. ಅಕ್ಕ ಅಂದರೆ ಆರು ಜನರಲ್ಲಿ ಹಿರಿಯವರು, ಒಂಬತ್ತು ವರ್ಷದಿಂದ ನಮ್ಮಲ್ಲಿ ಕೊಯ್ಲಿಗೆ ಬರುತ್ತಿರುವವರು. ಅವರ ಮುಖವನ್ನು ವಿಡಿಯೋದಲ್ಲಿ ತೋರಿಸುವುದಿಲ್ಲ, ಅವರಿಗೆ ಇಷ್ಟ ಇಲ್ಲ. ಅಕ್ಕ ಕೂಗಾಡಲಿಲ್ಲ. ತಲೆ ಮೇಲಿನ ಬಟ್ಟೆ ಬಿಚ್ಚಿ ಕೈ ಒರೆಸಿಕೊಂಡು ಹೇಳಿದರು: "ಅಮ್ಮಾವ್ರೇ, ಅವಳ ದುಡ್ಡು ಅವಳ ಕೈಯಲ್ಲಿದೆ. ನಮ್ಮ ದುಡ್ಡು ನಿಮ್ಮ ಪುಸ್ತಕದಲ್ಲಿದೆ."

ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು? ಆರು ಜನ, ಆರು ದಿನ, ತಲೆಗೆ 3,000 ರೂಪಾಯಿ. ಒಟ್ಟು 18,000 ನನ್ನ ಹತ್ತಿರ ಇತ್ತು.

ಇದು ಚರ್ಚಿಗೆ ಹೋಗುವ ದಾರಿ, ಸ್ಕೂಟರ್ ಮೇಲಿಂದ ತೆಗೆದಿದ್ದು, ಸ್ವಲ್ಪ ಅಲ್ಲಾಡುತ್ತದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿರುವ ಕಾಳುಮೆಣಸಿನ ಬಳ್ಳಿ ನೋಡಿ, ಈ ವರ್ಷ ಚೆನ್ನಾಗಿ ಕಚ್ಚಿದೆ. ದೊಡ್ಡ ಹಬ್ಬಕ್ಕೆ ನಾವು ಚಿಕ್ಕಮಗಳೂರಿನ ಸಂತ ಜೋಸೆಫರ ಕಥೀಡ್ರಲ್‌ಗೆ ಹೋಗುತ್ತೇವೆ. ನಮ್ಮ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ಆಗಿದ್ದು 1963ರಲ್ಲಿ, ಹಾಸನ ಜಿಲ್ಲೆಯೂ ಇದಕ್ಕೇ ಸೇರುತ್ತದೆ. ನನ್ನ ಅಮ್ಮನ ತವರು ಹಾಸನದ ಕಡೆ, ಅಲ್ಲಿ ಕಾಫಿಗಿಂತ ಆಲೂಗೆಡ್ಡೆ ಜಾಸ್ತಿ. ಅಜ್ಜಿ ಆಲೂಗೆಡ್ಡೆ ಕಿತ್ತ ಮೇಲೆ ಹೊಲದಲ್ಲಿ ಉಳಿದದ್ದನ್ನು ತಾನು ಮುಟ್ಟುತ್ತಿರಲಿಲ್ಲ. ಹಕ್ಕಲು ಆಯುವವರು ಬರುತ್ತಾರೆ, ಅವರಿಗೆ ಬಿಡಿ ಅನ್ನುತ್ತಿದ್ದರು.

ಹಕ್ಕಲು. ಎಂಥಾ ಚೆಂದದ ಪದ, ಅಲ್ವಾ? ನಮ್ಮ ಕನ್ನಡ ಬೈಬಲ್‌ನಲ್ಲಿ ರೂತಳು ಎಂಬ ಬಡ ವಿಧವೆ ಬೋವಜ ಎಂಬ ಯಜಮಾನನ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯ ಪೂರ್ತಿ ಕನ್ನಡ ಬೈಬಲ್ 1831ರಷ್ಟು ಹಿಂದೆಯೇ ಬಂದಿತ್ತು. ಆಮೇಲೆ ಎಷ್ಟೋ ಜನ ತಿದ್ದಿದ್ದಾರೆ. ಆ ಕೆಲಸ ಮಾಡಿದವರ ಪಕ್ಕ ಹೊಲ ಗೊತ್ತಿದ್ದ ಕನ್ನಡದವರು ಕೂತಿರಲೇಬೇಕು ಅಂತ ನನಗೆ ಅನಿಸುತ್ತದೆ. ಸುಮ್ನೆ ಪುಸ್ತಕ ಓದಿದವರಿಗೆ ಇಂಥ ಪದ ಸಿಗುವುದಿಲ್ಲ. ಕಾಫಿಯಲ್ಲಿ ಮಾತ್ರ ಹಕ್ಕಲು ಬಿಡುವ ಹಾಗಿಲ್ಲ. ನೆಲಕ್ಕೆ ಬಿದ್ದ ಹಣ್ಣಿನಲ್ಲಿ ಕಾಯಿಕೊರಕ ಹುಳು ಉಳಿದುಕೊಂಡು ಮುಂದಿನ ಫಸಲಿಗೆ ಬರುತ್ತದೆ. ಅದಕ್ಕೇ ನಾವು ಒಂದೊಂದನ್ನೂ ಆರಿಸುತ್ತೇವೆ. ಹಾಗೆ ಆಯ್ದವರಿಗೇ ಅದನ್ನು ನಾನು ಕೊಟ್ಟುಬಿಡಬಹುದಲ್ಲ ಅಂತ ಈಗ ಹೊಳೆಯುತ್ತಿದೆ. ಇರಲಿ, ಚರ್ಚ್ ಬಂತು.

ಒಳಗೆ ಕ್ಯಾಮೆರಾ ತೆಗೆಯುವುದಿಲ್ಲ. ಪೂಜೆಯಲ್ಲಿ ಅವತ್ತಿನ ವಾಚನ ಬೇರೆಯೇ ಇತ್ತು, ಫಾದರ್ ಹೇಳಿದ್ದು ನನ್ನ ಕಿವಿಗೆ ಬಿದ್ದಿದ್ದು ಕಡಿಮೆ. ದ್ರಾಕ್ಷಿ ತೋಟದ ಉಪಮೆ ಭಾನುವಾರದ ಪೂಜೆಯಲ್ಲಿ ಬರುವುದು ಮೂರು ವರ್ಷಕ್ಕೊಮ್ಮೆ, ಸೆಪ್ಟೆಂಬರ್‌ನಲ್ಲಿ. ಆಗ ನಮ್ಮ ಗಿಡದಲ್ಲಿ ಕಾಯಿ ಇನ್ನೂ ಹಸಿರು. ಯಾರಿಗೂ ಕೂಲಿ ಕೊಡುವ ಗಲಾಟೆ ಇಲ್ಲ. ಎಲ್ಲರೂ ಆರಾಮಾಗಿ ತಲೆಯಾಡಿಸುತ್ತೇವೆ. ಅದನ್ನು ಜನವರಿಯಲ್ಲಿ, ಬಟವಾಡೆಯ ಮರುದಿನ ಓದಬೇಕು.

ಕಾಣಿಕೆಯ ಹೊತ್ತಿಗೆ ಪರ್ಸ್ ತೆಗೆದೆ. ಅದರಲ್ಲಿ ನೋಟುಗಳಿದ್ದವು. ಯಾರ ನೋಟುಗಳು? ಬಲಿಪೀಠದ ಮುಂದೆ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಯೇಸು ಹೇಳಿದ್ದಾರೆ. ಅದೂ ಮತ್ತಾಯನಲ್ಲೇ ಇದೆ, 5ನೇ ಅಧ್ಯಾಯ. ನೂರು ಸಲ ಕೇಳಿದ್ದೇನೆ. ಅವತ್ತು ಕೈ ನಡುಗಿತು. ಪರ್ಸ್ ಮುಚ್ಚಿದೆ.

ಮನೆಗೆ ಬಂದು ಬೈಬಲ್ ತೆಗೆದೆ. ಟೇಬಲ್ ಮೇಲಿನ ಶಾಟ್ ಅದೇ. ಈ ಉಪಮೆ ಬರೀ ದೇವರ ಕೃಪೆಯ ಬಗ್ಗೆ, ಕೂಲಿಯ ಬಗ್ಗೆ ಅಲ್ಲ ಅಂತ ನನ್ನ ತಮ್ಮ ಯಾವಾಗಲೂ ವಾದ ಮಾಡುತ್ತಾನೆ. ನಾನು ಒಪ್ಪುವುದಿಲ್ಲ. ಹಿಂದಿನ ಅಧ್ಯಾಯ ನೋಡಿದರೆ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ, ಎಲ್ಲ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತದೆ ಅಂತ. ಅದಕ್ಕೆ ಉತ್ತರವಾಗಿ ಈ ಕಥೆ ಬರುತ್ತದೆ. ಹಾಗೆ ನೋಡಿದರೆ ತಮ್ಮ ಹೇಳುವುದೂ ಸರಿ. ಆದರೂ ಯೇಸು ಆರಿಸಿಕೊಂಡಿದ್ದು ಕೂಲಿಯವರ ಕಥೆಯನ್ನೇ. ಬೀದಿಯಲ್ಲಿ ನಿಂತು ಕೆಲಸಕ್ಕೆ ಕಾಯುವವರನ್ನು ಅವರು ಕಣ್ಣಾರೆ ನೋಡಿರಬೇಕು. ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಕೇಳಿದಾಗ, ಯಾರೂ ನಮ್ಮನ್ನು ಕರೆಯಲಿಲ್ಲ ಅನ್ನುತ್ತಾರೆ. ಆ ಹುಡುಗಿ ನನಗೆ ಹೇಳಿದ್ದೂ ಅದನ್ನೇ.

ಇಷ್ಟು ವರ್ಷ ನಾನು ಒಂದು ಸಾಲನ್ನು ದಾಟಿಕೊಂಡು ಹೋಗುತ್ತಿದ್ದೆ. "ಸಂಜೆಯಾದಾಗ" ಅನ್ನುವ ಸಾಲು. ಯಜಮಾನ ಸಂಜೆ ಆದ ತಕ್ಷಣ ಮೇಸ್ತ್ರಿಯನ್ನು ಕರೆದು, ಎಲ್ಲರಿಗೂ ಕೂಲಿ ಕೊಡು ಅನ್ನುತ್ತಾನೆ. ಎಲ್ಲರಿಗೂ, ಅವತ್ತೇ. ಅದು ಅವನ ದೊಡ್ಡತನ ಕೂಡ ಅಲ್ಲ, ಅದು ಮೋಶೆಯ ನಿಯಮ. ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ, ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ: ಬಡ ಕೂಲಿಯವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮೊದಲೇ ಕೊಡಬೇಕು, ಅವನು ಅದನ್ನೇ ನಂಬಿಕೊಂಡಿರುತ್ತಾನೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಪಾಪ ನಿನ್ನ ಮೇಲೆ ಬರುತ್ತದೆ. ಯಜಮಾನ ಮೊದಲು ಬಂದವರಿಗೆ ಒಂದು ಕಾಸೂ ಬಾಕಿ ಇಟ್ಟುಕೊಂಡಿರಲಿಲ್ಲ. ಅದಕ್ಕೇ "ನಿನಗೆ ನಾನು ಅನ್ಯಾಯ ಮಾಡಲಿಲ್ಲ" ಎಂದು ಅವರ ಮುಖ ನೋಡಿ ಹೇಳಲು ಅವನಿಗೆ ಆಯಿತು. ನನಗೆ ಅಕ್ಕನ ಮುಖ ನೋಡಿ ಹಾಗೆ ಹೇಳಲು ಆಗಲಿಲ್ಲ. ನಾನು ಒಬ್ಬಳಿಗೆ ಧಾರಾಳವಾಗಿ ಕೊಟ್ಟ 500 ರೂಪಾಯಿ, ಆರು ಜನರಿಗೆ ಕೊಡಬೇಕಿದ್ದ ದುಡ್ಡಿನ ಗಂಟಿನಿಂದಲೇ ಎಳೆದಿದ್ದು.

ಇದು ಮಧ್ಯಾಹ್ನ. ಕವರುಗಳು ಆರು, ಎಣಿಸುವುದನ್ನು ಫಾಸ್ಟ್ ಮಾಡಿದ್ದೇನೆ. ನಮ್ಮ ಮನೆಯವರು ಬೇಡ ಅಂದರು. ಕೊಯ್ಲು ಅರ್ಧ ಇದೆ, ಎಲ್ಲರೂ ಬಿಟ್ಟು ಹೋದರೆ ಹಣ್ಣು ಗಿಡದಲ್ಲೇ ಒಣಗುತ್ತದೆ ಅಂದರು. ಅವರ ಭಯ ಸುಳ್ಳಲ್ಲ. ಆದರೆ ಯೇಸುವಿನ ಕಥೆ ಸಂಜೆಗೇ ಮುಗಿಯುತ್ತದೆ. ಮರುದಿನ ಆಳುಗಳು ಆ ತೋಟಕ್ಕೆ ಬಂದರೋ ಇಲ್ಲವೋ ಹೇಳಿಲ್ಲ. ಅದನ್ನು ನೋಡಿಕೊಂಡು ಕೊಡು ಎಂದೂ ಹೇಳಿಲ್ಲ.

ಲೈನ್ ಮನೆಗಳ, ಅಂದರೆ ಕೂಲಿಯವರು ಇರುವ ಸಾಲು ಮನೆಗಳ ಹತ್ತಿರ ಕ್ಯಾಮೆರಾ ಆಫ್ ಮಾಡಿದ್ದೆ, ಅದಕ್ಕೇ ಇಲ್ಲಿ ಬರೀ ಬೇಲಿ ಕಾಣುತ್ತಿದೆ. ಐದು ಜನ ಕವರ್ ತೆಗೆದುಕೊಂಡು ಒಳಗೆ ಹೋದರು. ಅಕ್ಕ ಮಾತ್ರ ಹೊಸ್ತಿಲ ಮೇಲೆ ಕೂತು ಎರಡು ಸಲ ಎಣಿಸಿದರು. ಎಣಿಸಲಿ, ಅವರ ಹಕ್ಕು. ತಪ್ಪಾಯಿತು ಅಕ್ಕ ಅಂದೆ. ಅದಕ್ಕೆ ಅವರು ಏನೂ ಅನ್ನಲಿಲ್ಲ. ಒಳಗಿಂದ ಬೆಲ್ಲದ ಕಾಫಿ ತಂದುಕೊಟ್ಟರು. ನಾನು ಬೆಳೆಯುವ ಕಾಫಿಗಿಂತ ಅದು ರುಚಿಯಾಗಿತ್ತು.

ಸೋಮವಾರ ಬರುತ್ತೀರಾ ಅಂತ ಕೇಳಿದೆ. ಶನಿವಾರ ರಾತ್ರಿಯೇ ಬೇರೆ ತೋಟಕ್ಕೆ ಮಾತು ಕೊಟ್ಟಾಗಿದೆ, ಈ ವಾರ ಆಗುವುದಿಲ್ಲ ಅಂದರು. ಮುಂದಿನ ವಾರ ನೋಡೋಣ ಅಂದರು. ನಾನು ಗೇಟಿನ ಹತ್ತಿರ ಬಂದ ಮೇಲೆ ಹಿಂದಿನಿಂದ ಕೂಗಿ ಹೇಳಿದರು: "ಆ ಹುಡುಗಿಯನ್ನು ಬಿಡಬೇಡಿ ಅಮ್ಮಾವ್ರೇ. ಕೈ ಚುರುಕಿದೆ. ಮಗುವಿಗೆ ಒಂದು ತೊಟ್ಟಿಲು ಕಟ್ಟಿಕೊಡಿ."

ಇದೇ ಆ ತೊಟ್ಟಿಲು. ನನ್ನ ಹಳೇ ಸೀರೆ, ಹಲಸಿನ ಮರದ ಕೊಂಬೆ. ಮಗು ಮಲಗಿದೆ, ಮೆಲ್ಲಗೆ ಮಾತಾಡುತ್ತಿದ್ದೇನೆ. ಇವತ್ತು ಸೋಮವಾರ. ಆರು ಜನರಲ್ಲಿ ಮೂವರು ಬಂದಿದ್ದಾರೆ, ಇವಳೊಬ್ಬಳು ಸೇರಿ ನಾಲ್ಕು. ಹಣ್ಣು ಜಾಸ್ತಿ ಇದೆ, ಕೈ ಕಡಿಮೆ ಇದೆ. ನಾನೂ ಬುಟ್ಟಿ ಕಟ್ಟಿಕೊಂಡಿದ್ದೇನೆ, ಅದಕ್ಕೇ ಶಾಟ್ ಇಷ್ಟು ವಾಲಿದೆ.

ಇನ್ನು ಮೇಲೆ ದಿನಾ ಸಂಜೆ ಬಟವಾಡೆ ಅಂತ ಹೇಳಿದ್ದೇನೆ. ಮನೆಯಲ್ಲಿ ಇರುವುದೆಲ್ಲ ನೂರು, ಇನ್ನೂರರ ನೋಟು, ಅದೂ ಸಾಲದು. ಎಟಿಎಂ ಇರುವುದು ಪೇಟೆಯಲ್ಲಿ. ಈಗ ಎರಡೂವರೆ ಆಗಿದೆ. ಹೊತ್ತು ಮುಳುಗುವುದರೊಳಗೆ ದುಡ್ಡು ತರಬೇಕು, ಹೊರಟೆ.