ನಿಂತ ಗಾಡಿಯ ಉಸಿರು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ದೀಪಾವಳಿ ಮುಗಿದ ವಾರ ಚಿಂಚವಡದ ನನ್ನ ಗ್ಯಾರೇಜಿಗೆ ಒಂದು ಮನೆ ಬಂತು. ಹೌದು, ಮನೆಯೇ. ಹದಿಮೂರು ಸೀಟಿನ ಡೀಸೆಲ್ ವ್ಯಾನಿನ ಸೀಟುಗಳನ್ನೆಲ್ಲ ಕಿತ್ತು, ಒಳಗೆ ಮಂಚ, ಗ್ಯಾಸ್ ಒಲೆ, ಕೈ ತೊಳೆಯುವ ಬೇಸಿನ್, ಮೂಲೆಗೊಂದು ಪುಟ್ಟ ಕಕ್ಕಸು ಕೂರಿಸಿದ ಮೋಟಾರ್‌ಹೋಮ್. ಯಜಮಾನರು ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಈಗ ಪುಣೆಯ ಕೋಥರೂಡಿನಲ್ಲಿದ್ದಾರೆ. ಗಂಡ ಹೆಂಡತಿ ಇಬ್ಬರೇ ಗೋವಾಕ್ಕೆ ಹೋಗಿದ್ದರು. ಇಳಿಯುವಾಗ ಏನೂ ತಕರಾರಿಲ್ಲ. ವಾಪಸು ಬರುವಾಗ ಸಾಖಳಿ ದಾಟಿ ಚೋರ್ಲಾ ಘಾಟಿ ಹತ್ತಬೇಕು ನೋಡಿ, ಅಲ್ಲಿ ಗಾಡಿ ಎಳೆಯಲೇ ಇಲ್ಲ. ಎರಡನೇ ಗೇರು, ಆಕ್ಸಲರೇಟರ್ ಪೂರ್ತಿ ತುಳಿದರೂ ಎತ್ತಿನಗಾಡಿಯ ನಡಿಗೆ, ಹಿಂದೆ ಕರಿ ಹೊಗೆ. ಬೆನ್ನಿಗಿದ್ದವರೆಲ್ಲ ಹಾರ್ನ್ ಬಾರಿಸಿ, ಬೈದು, ಮುಂದೆ ಹೋದರಂತೆ.

"ಡೀಸೆಲ್‌ನ್ಯಾಗ ಏನರ ಕಲಬೆರಕಿ ಇರಬೇಕ್ರಿ" ಅಂದರು ಯಜಮಾನರು.

"ಟರ್ಬೊ ಹೋಗೇತಿ ಅಂತ ಬೆಳಗಾವ್ಯಾಗ ಒಬ್ಬಾಂವ ಹೇಳಿದ" ಅಂದರು ಅಕ್ಕಾರು. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಪಂಖ.

ನಾನು ಕೇಳಿದ್ದು ಒಂದೇ ಪ್ರಶ್ನೆ, ಏರ್ ಫಿಲ್ಟರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಮಡಿಕೆ ಕಾಗದ, ಯಾವಾಗ ಬದಲಿಸಿದ್ದೀರಿ ಅಂತ. ಯಜಮಾನರಿಗೆ ಸ್ವಲ್ಪ ಸಿಟ್ಟೇ ಬಂತು. "ಯಾಕ್ರೀ ಬದಲಸೋದು? ನಾಕ್ ವರ್ಷಕ್ಕ ಒಂಬತ್ತ ಸಾವಿರ ಕಿಲೋಮೀಟರ್ ಓಡೇತಿ ಅಷ್ಟ. ಬುಕ್ಕಿನ್ಯಾಗ ನಲವತ್ ಸಾವಿರಕ್ಕ ಅಂತ ಬರದಾರ."

ಬುಕ್ಕು ಸುಳ್ಳು ಹೇಳಿರಲಿಲ್ಲ. ಆದರೆ ಆ ಬುಕ್ಕು ಬರೆದದ್ದು ದಿನಾ ಓಡುವ ಗಾಡಿಗೆ. ಇವರದು ವರ್ಷದ ಹತ್ತು ತಿಂಗಳು ಸೊಸೈಟಿಯ ಕಾಂಪೌಂಡಿಗೆ ಆತು ನಿಲ್ಲುವ ಗಾಡಿ.

ಫಿಲ್ಟರ್ ಡಬ್ಬಿಯ ನಾಲ್ಕು ಕ್ಲಿಪ್ ಬಿಚ್ಚಿ ಮುಚ್ಚಳ ಎತ್ತಿದೆ. ಮೊದಲು ಮೂಗಿಗೆ ಬಡಿದದ್ದು ಇಲಿ ಉಚ್ಚೆಯ ವಾಸನೆ. ಕೆಳಗಿನ ಅರ್ಧದಲ್ಲಿ ತೆಂಗಿನ ನಾರು, ಸ್ಪಂಜಿನ ಚೂರು, ಯಾರದೋ ಕಾಲುಚೀಲದ ತುದಿ, ಒಂದು ಹಿಡಿ ಶೇಂಗಾ ಸಿಪ್ಪೆ. ಗಾಳಿ ಒಳಗೆ ಬರುವ ಕೊಳವೆಯಿಂದಲೇ ಇಲಿ ಹತ್ತಿ ಬಂದು ಸಂಸಾರ ಹೂಡಿತ್ತು. ಫಿಲ್ಟರ್ ಎತ್ತಿದರೆ ಮೇಲಿನ ಮಡಿಕೆಗಳು ಹೊಸದರ ಹಾಗೇ ಇವೆ, ಕೆಳಗಿನವು ನೀರಿಗೆ ಬಿದ್ದು ಒಣಗಿದ ಪಠ್ಯಪುಸ್ತಕದ ಹಾಳೆಗಳ ಹಾಗೆ ಒಂದಕ್ಕೊಂದು ಅಂಟಿ, ಬೂಸ್ಟು ಹಿಡಿದು ಕಪ್ಪಗಾಗಿವೆ. ಅಕ್ಕಾರು ಬಗ್ಗಿ ನೋಡಿದರು. "ಅಯ್ಯ, ಈ ಶೇಂಗಾ ನಮ್ಮ ಡಬ್ಬೀವ ಅದಾವಲ್ರೀ!" ಅಂದರು.

ಇಷ್ಟು ಸಣ್ಣ ಕಾಗದ ಅಷ್ಟು ದೊಡ್ಡ ಗಾಡಿಯನ್ನು ಹೇಗೆ ನಿಲ್ಲಿಸುತ್ತದೆ ಅಂತ ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಡೀಸೆಲ್ ಪೂರ್ತಿ ಸುಡಲು ಕಡಿಮೆ ಅಂದರೂ 12 ಕಿಲೋ ಗಾಳಿ ಬೇಕು, ಅಂದರೆ ಹೆಚ್ಚುಕಡಿಮೆ 10,000 ಲೀಟರ್. ಪುಣೆಯಿಂದ ಪಣಜಿಗೆ ಸುಮಾರು 450 ಕಿಲೋಮೀಟರ್. ಮನೆ ಹೊತ್ತ ಗಾಡಿ ಲೀಟರಿಗೆ 10 ಕೊಟ್ಟರೆ 45 ಲೀಟರ್ ಡೀಸೆಲ್. ಮುಂಬೈ ಚಾಳಿನ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಖೋಲಿ ನೋಡಿದ್ದೀರಲ್ಲ, ಅಂಥ ಹದಿನಾರು ಖೋಲಿಯ ಗಾಳಿ ಆ ಒಂದು ಕಾಗದದ ಮೂಲಕ ಹಾಯಬೇಕು, ಅದೂ ಬರೀ ಹೋಗುವ ದಾರಿಗೆ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡುವುದು, ಹಾಗಾಗಿ ನಿಜವಾದ ಲೆಕ್ಕ ಇನ್ನೂ ದೊಡ್ಡದು. ಸಪಾಟು ರಸ್ತೆಯಲ್ಲಿ ಕೊರತೆ ಗೊತ್ತಾಗುವುದಿಲ್ಲ. ಘಾಟಿ ಏರುವಾಗ ಡೀಸೆಲ್ ಹೆಚ್ಚು ಬೀಳುತ್ತದೆ, ಗಾಳಿ ಮಾತ್ರ ಅಷ್ಟೇ, ಸುಡದೆ ಉಳಿದದ್ದು ಕರಿ ಹೊಗೆ.

ಮೋಟಾರ್‌ಹೋಮಿಗೆ ಕಿಲೋಮೀಟರ್ ಲೆಕ್ಕ ಸಾಲದು. ಹೊರದೇಶಗಳ ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಎಂಜಿನ್ ಹಿಂದಿರುತ್ತದೆ, ಫಿಲ್ಟರ್ ನೀರಿನ ಕೊಡದಷ್ಟು ದಪ್ಪ. ಅಂಥದ್ದನ್ನೂ ಓಡಲಿ ಬಿಡಲಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ರೂಢಿ ಇದೆ. ಕಾಗದಕ್ಕೆ, ಅದರ ಅಂಚಿನ ಅಂಟಿಗೆ, ರಬ್ಬರಿಗೆ ವಯಸ್ಸಾಗುತ್ತದೆ. ನಮ್ಮ ಕೊಂಕಣದ ಮಳೆ, ಗೋವಾದ ಆರ್ದ್ರತೆಯಲ್ಲಿ ಇನ್ನೂ ಬೇಗ. ಗಾಡಿಗೆ ಪ್ಲಾಸ್ಟಿಕ್ ತಾಡಪತ್ರಿ ಬಿಗಿಯಾಗಿ ಸುತ್ತಿ ನಾಲ್ಕು ತಿಂಗಳು ಬಿಟ್ಟರಂತೂ ಒಳಗೆ ಬೆವರುತ್ತದೆ. ಅಂಥ ಗಾಡಿಗೆ ನಾನು ಹೇಳುವುದು ಇಷ್ಟೇ. ಎರಡು ಮಳೆಗಾಲ ಕಂಡ ಫಿಲ್ಟರ್ ತೆಗೆಯಿರಿ, ಮೀಟರಿನಲ್ಲಿ ಎಷ್ಟೇ ಇರಲಿ.

ಮುಂಬೈಯಲ್ಲಿ ಇದರ ಇನ್ನೊಂದು ರೂಪ ಇದೆ. ಗೋರೆಗಾಂವದ ಫಿಲ್ಮ್ ಸಿಟಿಯ ಸುತ್ತ ನಿಲ್ಲುವ, ನಟ ನಟಿಯರು ಬಣ್ಣ ಹಚ್ಚಿಕೊಳ್ಳುವ ವ್ಯಾನಿಟಿ ವ್ಯಾನ್‌ಗಳು. ಗಾಡಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿದರೆ ಹೆಚ್ಚು, ಎಸಿಗಾಗಿ ಜನರೇಟರ್ ಮಾತ್ರ ಹಗಲಿಡೀ ಗುಡುಗುಟ್ಟುತ್ತದೆ. ಆ ಜನರೇಟರಿಗೂ ಒಂದು ಪುಟ್ಟ ಏರ್ ಫಿಲ್ಟರ್ ಇದೆ, ಅದರ ಲೆಕ್ಕ ಗಂಟೆಯದು. ದೊಡ್ಡ ಫಿಲ್ಟರ್ ಬದಲಿಸಿ ಇದನ್ನು ಮರೆತವರೇ ಹೆಚ್ಚು.

ಹಾಗಾದರೆ ವಾರಕ್ಕೊಮ್ಮೆ ಬಿಚ್ಚಿ ಹವಾ ಹೊಡೆಸಿದರೆ ಆಯಿತಲ್ಲ ಅನ್ನುವವರಿದ್ದಾರೆ. ನನ್ನ ಜೀವನದ ದೊಡ್ಡ ಜಗಳ ಇದೇ. ಟೈರಿಗೆ ಗಾಳಿ ತುಂಬುವ ಪೈಪನ್ನು ಫಿಲ್ಟರಿಗೆ ಹಿಡಿದು ಭುಸ್ಸೆಂದು ಊದಿದಾಗ ಮೋಡದ ಹಾಗೆ ಧೂಳು ಏಳುತ್ತದೆ, ನೋಡಿದವರಿಗೆ ಖುಷಿ. ಆ ಒತ್ತಡಕ್ಕೆ ಮಡಿಕೆಯ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ನೆಲಕ್ಕೆ ಬಡಿದರೆ ಅಂಚು ಸೊಟ್ಟಗಾಗುತ್ತದೆ. ಇನ್ನೊಂದು ಮಾತು ಹೇಳಿದರೆ ಗಿರಾಕಿಗಳು ನಂಬುವುದಿಲ್ಲ: ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕೂತ ಧೂಳೇ ಮುಂದೆ ಬರುವ ಸಣ್ಣ ಧೂಳನ್ನು ಹಿಡಿಯುತ್ತದೆ. ಪ್ರತಿ ಸಲ ಡಬ್ಬಿ ಬಿಚ್ಚಿದಾಗಲೂ ಒಂದಿಷ್ಟು ಮಣ್ಣು ಒಳಮೈಗೆ ಬೀಳುವುದು ಬೇರೆ. ಗೋವಾ ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಏಳುವ ಕೆಂಪು ಧೂಳು ನೋಡಿದ್ದೀರಿ. ಅದರ ಮರಳಿನ ಕಣ ಒಳಗೆ ಹೋದರೆ ಎಂಜಿನ್ನಿನೊಳಗೆ ಒಂದಕ್ಕೊಂದು ಉಜ್ಜಾಡುವ ಪಿಸ್ಟನ್ ರಿಂಗು, ಲೈನರ್ ಸವೆಯುತ್ತವೆ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊದ ರೆಕ್ಕೆಯಂಚನ್ನು ಅದು ಅರದ ಹಾಗೆ ಉಜ್ಜುತ್ತದೆ. ಬೆಳಗಾವಿಯವನು ಹೇಳಿದ ಟರ್ಬೊ ಆಗ ನಿಜವಾಗಿಯೂ ಹೋಗುತ್ತದೆ.

ಬಿಚ್ಚದೆ ತಿಳಿಯುವುದು ಹೇಗೆ? ಲಾರಿ, ಬಸ್ಸುಗಳಲ್ಲಿ ಫಿಲ್ಟರ್ ದಾಟಿದ ಮೇಲಿನ ಪೈಪಿಗೆ ಬೆರಳಿನಷ್ಟು ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಇಂಡಿಕೇಟರ್ ಅಂತೀವಿ. ಎಂಜಿನ್ ಗಾಳಿ ಎಳೆಯಲು ಎಷ್ಟು ಕಷ್ಟಪಡುತ್ತಿದೆ ಅನ್ನುವುದನ್ನು ಅದು ಅಳೆಯುತ್ತದೆ. ಸಾಮಾನ್ಯವಾಗಿ 25 ಇಂಚು ನೀರಿನ ಮಟ್ಟಕ್ಕೆ ಕೆಂಪು ಬರುತ್ತದೆ. ಎಳನೀರಿಗೆ 25 ಇಂಚಿನ ಸ್ಟ್ರಾ ಹಾಕಿ ಹೀರಿದರೆ ಎಷ್ಟು ಜೋರು ಬೇಕೋ ಅಷ್ಟು. ಅದರ ಚಂದ ಏನೆಂದರೆ, ಘಾಟಿಯಲ್ಲಿ ಏರಿದ ಗುರುತು ಮನೆಗೆ ಬಂದು ಎಂಜಿನ್ ಆರಿಸಿದರೂ ಅಲ್ಲೇ ನಿಂತಿರುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಗುಂಡಿ ಒತ್ತಿ ಕೆಳಗಿಳಿಸಬೇಕು. ನಿಮ್ಮ ವ್ಯಾನಿಗೆ ಇಲ್ಲದಿದ್ದರೆ ಒಳ್ಳೆ ಮೆಕ್ಯಾನಿಕ್ ಕೂರಿಸಿಕೊಡುತ್ತಾನೆ. ಒಂದು ಎಚ್ಚರಿಕೆ: ಇಂಡಿಕೇಟರ್ ಹಸಿರು ಇದೆ ಅಂದರೆ ಫಿಲ್ಟರ್ ಸರಿ ಇದೆ ಅಂತ ಅಲ್ಲ. ಹರಿದ ಫಿಲ್ಟರಿನಲ್ಲೂ ಗಾಳಿ ಸಲೀಸಾಗಿಯೇ ಹೋಗುತ್ತದೆ.

ಅದಕ್ಕೇ ವರ್ಷಕ್ಕೊಮ್ಮೆ ಕಣ್ಣಿಂದ ನೋಡಬೇಕು. ಕತ್ತಲೆಯಲ್ಲಿ ಫಿಲ್ಟರಿನ ಒಳಬದಿಯಿಂದ ಟಾರ್ಚ್ ಹಿಡಿಯಿರಿ. ಬೆಳಕು ಮಬ್ಬಾಗಿ ಎಲ್ಲ ಕಡೆ ಸಮ ಕಾಣಬೇಕು. ಸೂಜಿ ಮೊನೆಯಷ್ಟು ಬೆಳ್ಳಗೆ ಹೊಳೆದರೂ ಎಸೆಯಿರಿ. ಆಮೇಲೆ ಎಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಧೂಳು ಹತ್ತಿದರೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ, ಹೋಸ್ ಸೀಳಿದೆ ಅಥವಾ ಕ್ಲಿಪ್ ಸಡಿಲ, ಮೊದಲು ಅದನ್ನು ಹುಡುಕಬೇಕು. ಡಬ್ಬಿಯ ತಳದಲ್ಲಿ ನೀರು ಇಳಿಯುವ ತೂತು ಇರುತ್ತದೆ, ಎಲೆ ಕಸ ಕಟ್ಟಿದ್ದರೆ ತೆಗೆಯಿರಿ. ಕೆಲವು ದೊಡ್ಡ ಗಾಡಿಗಳಲ್ಲಿ ಒಳಗೆ ಇನ್ನೊಂದು ಸಣ್ಣ ಫಿಲ್ಟರ್ ಇರುತ್ತದೆ. ಅದನ್ನು ಊದುವುದು ತೊಳೆಯುವುದು ಬೇಡ, ಹೊರಗಿನದನ್ನು ಮೂರು ಸಲ ಬದಲಿಸಿದಾಗ ಅದನ್ನೂ ಬದಲಿಸಿ. ವಾಷಿಂಗ್ ಸೆಂಟರಿನ ಹುಡುಗನಿಗೆ ಗಾಳಿ ಎಳೆಯುವ ಬಾಯಿಗೆ ನೀರು ಹೊಡೆಯಬೇಡ ಅಂತ ಹೇಳಿ, ಒದ್ದೆಯಾದ ಕಾಗದ ಉಬ್ಬಿ ಕುಸಿಯುತ್ತದೆ.

ದಿನ ಯಾವುದು ಅಂದರೆ ಖಂಡೇನವಮಿಗಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಮಳೆ ಹಿಂದಾಗಿರುತ್ತದೆ, ದೀಪಾವಳಿ ರಜೆಯ ಪ್ರಯಾಣ ಮುಂದಿರುತ್ತದೆ, ಹೇಗೂ ಆಯುಧಪೂಜೆಗೆ ಗಾಡಿ ತೊಳೆದು ನಿಲ್ಲಿಸಿರುತ್ತೀರಿ. ನಿಂಬೆಹಣ್ಣು ಚಕ್ರದ ಕೆಳಗಿಡುವ ಮೊದಲು ಆ ನಾಲ್ಕು ಕ್ಲಿಪ್ ಬಿಚ್ಚಿ.

ಕೋಥರೂಡಿನವರ ಗಾಡಿ ಹೊಸ ಫಿಲ್ಟರ್ ಹಾಕಿದ ದಿನವೇ ಕಾತ್ರಜ ಘಾಟಿ ಹತ್ತಿ ಇಳಿದು ಬಂತು, ಹೊಗೆ ಇಲ್ಲ. ಟರ್ಬೊಗೆ ಕೈ ಹಚ್ಚಲೇ ಇಲ್ಲ. ಗಾಳಿ ಬರುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಳಿಗೆ ಕಟ್ಟಿಕೊಟ್ಟೆ. ಹಾಕಿದ ತಾರೀಖು ಮುಚ್ಚಳದ ಮೇಲೆ ಬರೆಯಲು ಪೇಂಟ್ ಹುಡುಕುತ್ತಿದ್ದೆ, ಅಕ್ಕಾರು ಪರ್ಸಿನಿಂದ ಉಗುರುಬಣ್ಣ ತೆಗೆದು ತಾವೇ ಬರೆದರು. ಈ ಸಲದ ಖಂಡೇನವಮಿಗೆ ಮತ್ತೆ ತಂದಿದ್ದರು. ತಾರೀಖು ಹಾಗೇ ಕೆಂಪಗಿತ್ತು, ಡಬ್ಬಿ ಒಣಗಿತ್ತು. ಶೇಂಗಾ ಡಬ್ಬಿ ಮಾತ್ರ ಗಾಡಿಯಿಂದ ಮನೆಗೆ ವರ್ಗವಾಗಿದೆಯಂತೆ.

ನಮಸ್ಕಾರ.